ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಕೂದಲು ಉದುರಿದಾಗ: ತಿಂಗಳ ಲೆಕ್ಕ ಹಿಡಿದು ಮಾಡಬೇಕಾದ ಕೆಲಸಗಳು

ಹೊಟ್ಟೆಯ ಬಹುಭಾಗವನ್ನು ತೆಗೆಯುವ ಸ್ಲೀವ್ ಅಥವಾ ಹೊಟ್ಟೆಯನ್ನು ಕಿರಿದಾಗಿಸಿ ಆಹಾರವು ಕರುಳಿನ ಒಂದು ಭಾಗವನ್ನು ಬಳಸಿ ಹೋಗುವಂತೆ ಮಾಡುವ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡವರಲ್ಲಿ ಸುಮಾರು ಅರ್ಧಕ್ಕಿಂತ ಹೆಚ್ಚು ಮಂದಿ ಕೂದಲು ಉದುರುವ ತೊಂದರೆಯನ್ನು ಅನುಭವಿಸುತ್ತಾರೆ. ಸಕ್ಕರೆ ಕಾಯಿಲೆ ಹತೋಟಿಗೆ ಬಂದು, ಮಂಡಿನೋವು ತಗ್ಗಿ, ಹಳೆಯ ಬಟ್ಟೆಗಳು ಸಡಿಲವಾಗುತ್ತಿರುವ ನೆಮ್ಮದಿಯ ದಿನಗಳಲ್ಲಿಯೇ, ಮೂರನೆಯ ತಿಂಗಳ ಆಸುಪಾಸಿನಲ್ಲಿ, ಬಾಚಣಿಗೆಯ ತುಂಬ ಕೂದಲು ಬರತೊಡಗುತ್ತದೆ. ಆಗ ಹೆಚ್ಚಿನವರು ಎಣ್ಣೆ ಬದಲಿಸುತ್ತಾರೆ, ಶಾಂಪೂ ಬದಲಿಸುತ್ತಾರೆ, ಬೋರ್‌ವೆಲ್ ನೀರನ್ನು ದೂರುತ್ತಾರೆ, ಔಷಧದ ಅಂಗಡಿಯಿಂದ ಬಯೋಟಿನ್ ಎಂಬ ಜೀವಸತ್ವದ ಮಾತ್ರೆ ತರುತ್ತಾರೆ. ಈ ನಾಲ್ಕರಲ್ಲಿ ಯಾವುದೂ ಕೂದಲು ಉದುರುವ ಮೂಲ ಕಾರಣವನ್ನು ಮುಟ್ಟುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಎಷ್ಟನೆಯ ತಿಂಗಳಲ್ಲಿ ಕೂದಲು ಉದುರತೊಡಗಿತು ಎಂಬುದರಿಂದಲೇ ಕಾರಣದ ಬಹುಪಾಲು ಸುಳಿವು ಸಿಗುತ್ತದೆ. ಆದುದರಿಂದ ಈ ಮಾರ್ಗದರ್ಶಿಯ ಮೊದಲ ಕೆಲಸ ಒಂದು ನೋಟ್‌ಬುಕ್ ತೆಗೆದುಕೊಳ್ಳುವುದು.

ಹೆಜ್ಜೆ 1: ದಿನಾಂಕಗಳನ್ನು ಬರೆದು ಲೆಕ್ಕ ಹಾಕಿ

ನೋಟ್‌ಬುಕ್ಕಿನಲ್ಲಿ ಶಸ್ತ್ರಚಿಕಿತ್ಸೆಯಾದ ದಿನ, ಕೂದಲು ಹೆಚ್ಚಾಗಿ ಉದುರುತ್ತಿದೆ ಎಂದು ಮೊದಲು ಗಮನಕ್ಕೆ ಬಂದ ದಿನ, ಇವೆರಡರ ನಡುವೆ ಜ್ವರ, ವಾಂತಿ, ಮತ್ತೊಂದು ಆಪರೇಷನ್ ಅಥವಾ ಹೊಸ ಔಷಧಿಯ ಆರಂಭ ಏನಾದರೂ ಇದ್ದರೆ ಅವುಗಳ ದಿನಾಂಕ, ಹಾಗೂ ಪ್ರತಿ ತಿಂಗಳ ತೂಕ, ಇಷ್ಟನ್ನು ಬರೆಯಿರಿ.

ನಮ್ಮ ತಲೆಯ ಪ್ರತಿಯೊಂದು ಕೂದಲೂ ಕೆಲವು ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನೆ ನಿಂತು, ಬಳಿಕ ಉದುರಿ, ಅದೇ ಬುಡದಿಂದ ಹೊಸ ಕೂದಲಿಗೆ ದಾರಿ ಬಿಡುತ್ತದೆ. ಸಾಮಾನ್ಯ ದಿನಗಳಲ್ಲಿ ನೂರರಲ್ಲಿ 85ರಿಂದ 90 ಕೂದಲು ಬೆಳೆಯುವ ಹಂತದಲ್ಲಿದ್ದು, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ಆದುದರಿಂದಲೇ ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ದೊಡ್ಡ ಶಸ್ತ್ರಚಿಕಿತ್ಸೆ, ತೀರಾ ಕಡಿಮೆಯಾದ ಊಟ ಮತ್ತು ವೇಗವಾಗಿ ಇಳಿಯುವ ತೂಕ ಒಟ್ಟಿಗೆ ಬಂದಾಗ ದೇಹವು ಇರುವ ಶಕ್ತಿಯನ್ನು ಹೃದಯ, ಮಿದುಳು, ಗಾಯ ಮಾಗುವಿಕೆ ಮುಂತಾದ ಅಗತ್ಯ ಕೆಲಸಗಳಿಗೆ ಮೀಸಲಿಡುತ್ತದೆ, ಮತ್ತು ಬೆಳೆಯುತ್ತಿದ್ದ ಕೂದಲುಗಳಲ್ಲಿ ಅನೇಕವು ಒಂದೇ ಸಲಕ್ಕೆ ವಿಶ್ರಾಂತಿಯ ಹಂತಕ್ಕೆ ಹೋಗುತ್ತವೆ. ಮೂರು ತಿಂಗಳ ವಿಶ್ರಾಂತಿ ಮುಗಿದ ಮೇಲೆ ಅವೆಲ್ಲವೂ ಒಟ್ಟಿಗೆ ಉದುರುತ್ತವೆ. ಚರ್ಮತಜ್ಞರು ಇದನ್ನು ಟೆಲೊಜೆನ್ ಎಫ್ಲುವಿಯಮ್ ಎನ್ನುತ್ತಾರೆ. ಹೆರಿಗೆಯ ನಂತರ ಬಾಣಂತಿಯರ ಕೂದಲು ಉದುರುವುದೂ, ಡೆಂಗಿ ಅಥವಾ ಟೈಫಾಯ್ಡ್ ಬಂದು ಹೋದ ಎರಡು ಮೂರು ತಿಂಗಳಿಗೆ ಉದುರುವುದೂ ಇದೇ ಬಗೆಯವು.

ಶಸ್ತ್ರಚಿಕಿತ್ಸೆಯ ಎರಡನೆಯ ತಿಂಗಳಿನಿಂದ ನಾಲ್ಕನೆಯ ತಿಂಗಳೊಳಗೆ ಆರಂಭವಾಗಿ, ಕೆಲವು ತಿಂಗಳು ನಡೆದು, ಆರರಿಂದ ಒಂಬತ್ತನೆಯ ತಿಂಗಳ ಹೊತ್ತಿಗೆ ತಗ್ಗುತ್ತ ಬಂದರೆ ಅದು ನಿರೀಕ್ಷಿತ ಉದುರುವಿಕೆ. ಅದರಲ್ಲಿ ಕೂದಲಿನ ಬುಡ ಸಾಯುವುದಿಲ್ಲ. ಹಾಗಲ್ಲದೆ ಆರು ತಿಂಗಳು ಕಳೆದ ಮೇಲೆ ಹೊಸದಾಗಿ ಆರಂಭವಾದರೆ, ಅಥವಾ ಒಂದು ವರ್ಷ ದಾಟಿದರೂ ನಿಲ್ಲದಿದ್ದರೆ, ಪ್ರೋಟೀನ್, ಕಬ್ಬಿಣ, ಸತು ಮುಂತಾದ ಪೋಷಕಾಂಶಗಳ ಕೊರತೆಯನ್ನು ಅಥವಾ ಥೈರಾಯ್ಡ್ ತೊಂದರೆಯನ್ನು ಮೊದಲು ಸಂಶಯಿಸಬೇಕು. ನಡುವೆ ಒಂದು ಜೋರು ಜ್ವರ ಬಂದಿದ್ದರೆ ಮೂರು ತಿಂಗಳ ಲೆಕ್ಕ ಆ ದಿನದಿಂದ ಮತ್ತೆ ಶುರುವಾಗುತ್ತದೆ ಎಂಬುದನ್ನೂ ನೆನಪಿಡಿ.

ಈ ಲೆಕ್ಕದಿಂದ ಹೊರಡುವ ಒಂದು ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ. ಇಂದು ಬಚ್ಚಲಿನಲ್ಲಿ ಕಾಣುವ ಕೂದಲು ಮೂರು ತಿಂಗಳ ಹಿಂದೆಯೇ ಬೆಳೆಯುವುದನ್ನು ನಿಲ್ಲಿಸಿದ ಕೂದಲು. ಅದನ್ನು ತಲೆಯ ಮೇಲೆ ಉಳಿಸಿಕೊಳ್ಳುವ ಔಷಧಿ ಇಲ್ಲ. ಇಂದು ನೀವು ತಿನ್ನುವ ಊಟದ ಫಲ ಮೂರು ನಾಲ್ಕು ತಿಂಗಳ ನಂತರ ಕಾಣುತ್ತದೆ. ಒಂದು ವಾರ ಪನೀರ್ ತಿಂದು, ಕೂದಲು ಉದುರುವುದು ನಿಲ್ಲಲಿಲ್ಲವೆಂದು ಬೇಸತ್ತು ಕೈಬಿಡುವವರು ಈ ಒಂದು ಅಂಶವನ್ನು ತಿಳಿಯದೆ ಸೋಲುತ್ತಾರೆ.

ಹೆಜ್ಜೆ 2: ಉದುರುವ ಬಗೆಯನ್ನು ಗಮನಿಸಿ

ಹಗಲು ಬೆಳಕಿನಲ್ಲಿ, ಬೈತಲೆ ತೆಗೆದು, ನೆತ್ತಿಯ ಮತ್ತು ಎರಡೂ ಕಿವಿಗಳ ಮೇಲಿನ ಭಾಗದ ಫೋಟೊಗಳನ್ನು ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ತೆಗೆಸಿಕೊಳ್ಳಿ. ಉದುರಿದ ಕೂದಲನ್ನು ಎಣಿಸುತ್ತ ಕೂರಬೇಡಿ. ವಾರಕ್ಕೊಮ್ಮೆ ತಲೆಗೆ ಸ್ನಾನ ಮಾಡುವವರಿಗೆ ಏಳು ದಿನದ ಕೂದಲು ಒಂದೇ ದಿನ ಬರುತ್ತದೆ, ಅದನ್ನು ನೋಡಿ ಗಾಬರಿಯಾಗಿ ಸ್ನಾನವನ್ನೇ ಮುಂದೂಡಿದರೆ ಮುಂದಿನ ಸಲ ಇನ್ನಷ್ಟು ದೊಡ್ಡ ಉಂಡೆ ಕೈಗೆ ಬರುತ್ತದೆ.

ಶಸ್ತ್ರಚಿಕಿತ್ಸೆಯಿಂದಾದ ಉದುರುವಿಕೆಯಲ್ಲಿ ತಲೆಯ ಎಲ್ಲ ಭಾಗದ ಕೂದಲೂ ಸಮನಾಗಿ ತೆಳುವಾಗುತ್ತದೆ, ಉದುರಿದ ಕೂದಲಿನ ತುದಿಯಲ್ಲಿ ಸಣ್ಣ ಬಿಳಿಯ ಗಂಟು ಇರುತ್ತದೆ, ತಲೆಯ ಚರ್ಮ ಮಾಮೂಲಿನಂತೆಯೇ ಇರುತ್ತದೆ. ಬಿಳಿಯ ಗಂಟನ್ನು ಕಂಡು ಕೂದಲಿನ ಬುಡವೇ ಕಿತ್ತು ಬಂತೆಂದು ಹೆದರುವ ಅಗತ್ಯವಿಲ್ಲ, ಅದು ವಿಶ್ರಾಂತಿ ಮುಗಿಸಿದ ಕೂದಲಿನ ಗುರುತಷ್ಟೆ. ನಾಣ್ಯದಂತೆ ದುಂಡಗೆ ಬೋಳಾದ ಜಾಗ, ಕೆಂಪು, ಕೀವು, ಹೊಪ್ಪಳೆ, ತೀವ್ರ ತುರಿಕೆ, ಹುಬ್ಬಿನ ಕೂದಲು ಉದುರುವುದು, ಇವುಗಳಲ್ಲಿ ಒಂದು ಕಂಡರೂ ತಿಂಗಳ ಲೆಕ್ಕವನ್ನು ಬದಿಗಿಟ್ಟು ಚರ್ಮತಜ್ಞರನ್ನು ಕಾಣಬೇಕು. ಹಣೆಯ ಎರಡು ಬದಿ ಅಥವಾ ನೆತ್ತಿ ಮಾತ್ರ ಬರಿದಾಗುತ್ತಿದ್ದರೆ, ಅಥವಾ ಬೈತಲೆಯ ಗೆರೆ ಮಾತ್ರ ಅಗಲವಾಗುತ್ತಿದ್ದರೆ, ವಂಶದಲ್ಲಿ ಬಂದ ಕೂದಲಿನ ತೆಳುವಾಗುವಿಕೆ ಈಗ ಬೆಳಕಿಗೆ ಬಂದಿರಬಹುದು. ಪಿಸಿಓಎಸ್ ಎಂಬ ಅಂಡಾಶಯದ ಹಾರ್ಮೋನ್ ತೊಂದರೆ ಇರುವ ಮಹಿಳೆಯರಲ್ಲಿ ಇದು ವಿಶೇಷವಾಗಿ ಕಾಣುತ್ತದೆ.

ಹೆಜ್ಜೆ 3: ಪ್ರೋಟೀನಿನ ಲೆಕ್ಕವನ್ನು ಗ್ರಾಂಗಳಲ್ಲಿ ಹಾಕಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆಯನ್ನು ಪಾಲಿಸಲು ನಿಮಗೆ ಸಾಧ್ಯವಿದ್ದರೆ ಇದನ್ನೇ ಪಾಲಿಸಿ. ಕೂದಲು ಬಹುತೇಕ ಪ್ರೋಟೀನಿನಿಂದಲೇ ಆದದ್ದು, ಮತ್ತು ಶಸ್ತ್ರಚಿಕಿತ್ಸೆಯ ನಂತರ ನಮ್ಮ ಊಟದಲ್ಲಿ ಮೊದಲು ಕಡಿಮೆಯಾಗುವುದೂ ಅದೇ. ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕೆಂದು ವೈದ್ಯರು ಸೂಚಿಸುತ್ತಾರೆ. ಎತ್ತರಕ್ಕೆ ತಕ್ಕ ಆದರ್ಶ ತೂಕದ ಪ್ರತಿ ಕಿಲೋಗೆ 1ರಿಂದ 1.5 ಗ್ರಾಂ ಎಂಬುದು ಇನ್ನೊಂದು ಲೆಕ್ಕ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ತಮ್ಮ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ನಮ್ಮ ಮನೆಗಳ ಅಡುಗೆಯಲ್ಲಿ ಈ 60 ಗ್ರಾಂ ತಲುಪುವುದು ಎಷ್ಟು ಕಷ್ಟವೆಂಬುದು ಲೆಕ್ಕ ಹಾಕಿದಾಗ ಮಾತ್ರ ತಿಳಿಯುತ್ತದೆ. ಒಂದು ಇಡ್ಲಿಯಲ್ಲಿ ಸುಮಾರು 2 ಗ್ರಾಂ ಪ್ರೋಟೀನ್ ಇದೆ. ತಿಳಿಸಾರಿನಲ್ಲಿ ಬೇಳೆಯ ಕಟ್ಟು ಮಾತ್ರ ಇರುವುದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ. ರಾಗಿಯ ಮೇಲೆ ನಮಗೆಲ್ಲ ಅಪಾರ ನಂಬಿಕೆ. ಸುಣ್ಣದ ಅಂಶಕ್ಕೆ ಅದು ನಿಜಕ್ಕೂ ಉತ್ತಮ, ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು ಸುಮಾರು 7 ಗ್ರಾಂ, ಮತ್ತು ಕಿರಿದಾದ ಹೊಟ್ಟೆಗೆ ಅಷ್ಟು ಹಿಟ್ಟಿನ ಮುದ್ದೆ ಹಿಡಿಸುವುದೂ ಇಲ್ಲ. ಇವುಗಳಿಗೆ ಹೋಲಿಸಿದರೆ ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ, ಬೇಯಿಸಿದ 100 ಗ್ರಾಂ ಮೀನಿನಲ್ಲಿ 20 ಗ್ರಾಂ ಆಸುಪಾಸು, ಒಣಗಿದ 100 ಗ್ರಾಂ ಸೋಯಾ ತುಂಡುಗಳಲ್ಲಿ (ಚಂಕ್ಸ್) 50 ಗ್ರಾಂ ಆಸುಪಾಸು ಸಿಗುತ್ತದೆ. ತೊಗರಿ, ಹೆಸರು, ಹುರುಳಿ ಇವು ಹಸಿಯಾಗಿ ತೂಗಿದಾಗ 100 ಗ್ರಾಂಗೆ 22ರಿಂದ 24 ಗ್ರಾಂ ಕೊಡುತ್ತವೆಯಾದರೂ, ಬೆಂದು ನೀರು ಹೀರಿದ ಮೇಲೆ ಅರ್ಧ ಬಟ್ಟಲಿನಲ್ಲಿ 5 ಗ್ರಾಂ ಉಳಿದರೆ ಹೆಚ್ಚು.

ಮೊಟ್ಟೆಯನ್ನೂ ತಿನ್ನದ ಒಬ್ಬರ ನಾಲ್ಕನೆಯ ತಿಂಗಳ ಒಂದು ದಿನವನ್ನು ಉದಾಹರಣೆಯಾಗಿ ನೋಡೋಣ. ಬೆಳಿಗ್ಗೆ ಸಕ್ಕರೆ ಹಾಕದ 200 ಮಿಲಿ ಹಾಲಿನಲ್ಲಿ ಒಂದು ಅಳತೆ ವೇ (ಹಾಲಿನಿಂದ ತೆಗೆದ) ಪ್ರೋಟೀನ್ ಪುಡಿಯನ್ನು ಕಲಸಿ ಸ್ವಲ್ಪ ಸ್ವಲ್ಪವಾಗಿ ಕುಡಿದರೆ ಸುಮಾರು 30 ಗ್ರಾಂ ಬರುತ್ತದೆ. ತಿಂಡಿಗೆ 30 ಗ್ರಾಂ ಹೆಸರುಬೇಳೆಯ ಒಂದು ಸಣ್ಣ ದೋಸೆ ಮತ್ತು ಅದರೊಳಗೆ 30 ಗ್ರಾಂ ತುರಿದ ಪನೀರ್ ಇಟ್ಟರೆ 12 ಗ್ರಾಂ. ಮಧ್ಯಾಹ್ನ ಅರ್ಧ ಬಟ್ಟಲು ಗಟ್ಟಿ ತೊವ್ವೆ ಮತ್ತು 50 ಗ್ರಾಂ ಪನೀರ್ ಸೇರಿ 14 ಗ್ರಾಂ. ಸಂಜೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ 100 ಗ್ರಾಂ ಮೊಸರಿನಿಂದ 7 ಗ್ರಾಂ. ರಾತ್ರಿ 20 ಗ್ರಾಂ ಸೋಯಾ ಪುಡಿಯನ್ನು ಬೇಯಿಸಿ ತರಕಾರಿ ಪಲ್ಯದಲ್ಲಿ ಬೆರೆಸಿದರೆ 10 ಗ್ರಾಂ. ಒಟ್ಟು 73 ಗ್ರಾಂ ಆಯಿತು. ಇದರಿಂದ ಬೆಳಗಿನ ಪುಡಿಯನ್ನು ತೆಗೆದರೆ ದಿನ 50 ಗ್ರಾಂಗೂ ಮುಟ್ಟುವುದಿಲ್ಲ ಎಂಬುದನ್ನು ಗಮನಿಸಿ. ಪುಡಿ ತಿನ್ನುವುದು ವ್ಯಾಯಾಮಶಾಲೆಯ ಹುಡುಗರ ಅಭ್ಯಾಸವೆಂದು ಹಿರಿಯರು ಮೂಗು ಮುರಿಯುವುದುಂಟು. ಸಸ್ಯಾಹಾರಿಗಳಿಗೆ ಮೊದಲ ಒಂದು ವರ್ಷ ಅದು ಊಟದ ಭಾಗವೇ ಆಗಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವವರು ಪುಡಿಯನ್ನು ನೀರಿನಲ್ಲಿ ಕಲಸಬಹುದು, ಅಥವಾ ಹಾಲಿನ ಸಕ್ಕರೆಯ ಅಂಶ ತೀರಾ ಕಡಿಮೆ ಇರುವ ವೇ ಐಸೊಲೇಟ್ ಬಗೆಯನ್ನು ಆರಿಸಿಕೊಳ್ಳಬಹುದು.

ತಟ್ಟೆಯಲ್ಲಿ ತಿನ್ನುವ ಕ್ರಮವೂ ಮುಖ್ಯ. ಮೊದಲು ಕಾಳು, ಪನೀರ್, ಮೊಟ್ಟೆ ಅಥವಾ ಮೀನು, ಅನಂತರ ತರಕಾರಿ, ಜಾಗ ಉಳಿದರೆ ಕೊನೆಗೆ ಎರಡು ತುತ್ತು ಅನ್ನ ಅಥವಾ ಮುದ್ದೆ. ಮದುವೆಮನೆಯ ಎಲೆಯ ಮುಂದೆ ಕುಳಿತಾಗ ಈ ಕ್ರಮ ತಲೆಕೆಳಗಾಗುವುದು ಸಹಜವಾದುದರಿಂದ, ಹೊರಡುವ ಮೊದಲೇ ಮನೆಯಲ್ಲಿ ಪ್ರೋಟೀನ್ ತೆಗೆದುಕೊಂಡು ಹೋಗುವುದು ಒಳ್ಳೆಯದು. ಊಟಕ್ಕೆ ಅರ್ಧ ಗಂಟೆ ಮೊದಲು ಮತ್ತು ಅರ್ಧ ಗಂಟೆ ನಂತರ ನೀರು ಕುಡಿಯಬಾರದು. ಏಕಾದಶಿ, ಸಂಕಷ್ಟಿ, ಶನಿವಾರದ ಒಪ್ಪೊತ್ತು ಆಚರಿಸುವವರು ಮೊದಲ ವರ್ಷ ಉಪವಾಸವನ್ನು ಹಾಲು, ಮೊಸರು, ಪನೀರಿನ ಫಲಾಹಾರಕ್ಕೆ ಬದಲಿಸಿಕೊಳ್ಳಲಿ, ಸಬ್ಬಕ್ಕಿಯಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬೇಕು.

ಪ್ರತಿ ಊಟದ ನಂತರ ವಾಂತಿಯಾಗುತ್ತಿದ್ದು ದಿನಗಟ್ಟಲೆ ಮುಂದುವರಿದರೆ ಅದು ಕೂದಲಿನ ವಿಷಯವಲ್ಲ, ತುರ್ತು ವಿಷಯ. ಥಯಾಮಿನ್ ಎಂಬ ಬಿ1 ಜೀವಸತ್ವ ದೇಹದಲ್ಲಿ ಬಹುಬೇಗ ಮುಗಿದುಹೋಗಿ ಮಿದುಳು ಮತ್ತು ನರಗಳಿಗೆ ಶಾಶ್ವತ ಹಾನಿಯಾಗಬಹುದು. ನಡೆಯುವಾಗ ತೂರಾಡುವುದು, ಎರಡೆರಡಾಗಿ ಕಾಣುವುದು, ಗೊಂದಲ, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹೆಜ್ಜೆ 4: ಮಾತ್ರೆಗಳಿಗೆ ವೇಳಾಪಟ್ಟಿ ಮಾಡಿಕೊಳ್ಳಿ

ಮಾತ್ರೆ ನುಂಗಿದರೂ ಕೊರತೆ ಉಳಿಯುವುದಕ್ಕೆ ಸಾಮಾನ್ಯ ಕಾರಣ ಅವುಗಳನ್ನು ಒಂದೇ ಹಿಡಿಯಲ್ಲಿ ನುಂಗುವುದು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಹೋದರೆ ಒಂದು ಇನ್ನೊಂದನ್ನು ತಡೆಯುತ್ತದೆ, ಆದುದರಿಂದ ಅವೆರಡರ ನಡುವೆ ಕನಿಷ್ಠ ಎರಡು ಗಂಟೆಯ ಅಂತರವಿರಬೇಕು. ಕಾಫಿ ಮತ್ತು ಚಹಾ ಕೂಡ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೆಳಗಿನ ಫಿಲ್ಟರ್ ಕಾಫಿಯ ಜೊತೆಯಲ್ಲೇ ಕಬ್ಬಿಣದ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಆ ಮಾತ್ರೆಯ ಬಹುಪಾಲು ವ್ಯರ್ಥವಾಗುತ್ತಿದೆ ಎಂದೇ ತಿಳಿಯಿರಿ. ನಿಂಬೆರಸ ಬೆರೆಸಿದ ನೀರಿನ ಜೊತೆ ತೆಗೆದುಕೊಂಡರೆ ಅದರಲ್ಲಿರುವ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ.

ಕಬ್ಬಿಣವನ್ನು ಬೆಳಿಗ್ಗೆ ಹತ್ತರ ಸುಮಾರಿಗೆ, ಕ್ಯಾಲ್ಸಿಯಂ ಸಿಟ್ರೇಟನ್ನು ಮಧ್ಯಾಹ್ನ ಮತ್ತು ರಾತ್ರಿ, ಬಹುಜೀವಸತ್ವದ ಮಾತ್ರೆಯನ್ನು ಸಂಜೆ ಇಟ್ಟುಕೊಂಡರೆ ಹೆಚ್ಚಿನವರಿಗೆ ಅನುಕೂಲ. ದಿನಕ್ಕೆ ಒಟ್ಟು 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕಾಗುತ್ತದೆ, ಆದರೆ ಒಮ್ಮೆಗೆ 500ರಿಂದ 600ಕ್ಕಿಂತ ಹೆಚ್ಚು ಹೀರಲಾಗದು. ಮುಟ್ಟಾಗುವ ಮಹಿಳೆಯರಿಗೆ ಹಾಗೂ ಸ್ಲೀವ್ ಅಥವಾ ಬೈಪಾಸ್ ಆದವರಿಗೆ ಕಬ್ಬಿಣ ದಿನಕ್ಕೆ 45ರಿಂದ 60 ಮಿಲಿಗ್ರಾಂ ಬೇಕೆಂಬುದು ಅಮೆರಿಕದ ಬೇರಿಯಾಟ್ರಿಕ್ (ತೂಕ ಇಳಿಸುವ ಶಸ್ತ್ರಚಿಕಿತ್ಸೆಯ) ತಜ್ಞರ ಸಂಘದ 2016ರ ಮಾರ್ಗಸೂಚಿ. ಸಾಮಾನ್ಯ ಬಹುಜೀವಸತ್ವದ ಮಾತ್ರೆಯಲ್ಲಿ ಅಷ್ಟು ಇರುವುದು ಅಪರೂಪ, ಆದ್ದರಿಂದ ಡಬ್ಬಿಯ ಹಿಂಬದಿಯನ್ನು ಓದಿ. ಬಿ12ಕ್ಕೆ ಪ್ರತಿದಿನದ ಮಾತ್ರೆ ಅಥವಾ ತಿಂಗಳಿಗೊಮ್ಮೆ ಚುಚ್ಚುಮದ್ದು ಎರಡೂ ದಾರಿಗಳಿವೆ, ಸಸ್ಯಾಹಾರಿಗಳು ಇದನ್ನು ಒಂದು ತಿಂಗಳೂ ತಪ್ಪಿಸಬಾರದು.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ, ಕಬ್ಬಿಣ ಮತ್ತು ಕ್ಯಾಲ್ಸಿಯಂಗೆ ನಾಲ್ಕು ಗಂಟೆಯ ಅಂತರ ಕೊಡಬೇಕು. ಗ್ಯಾಸ್ಟ್ರಿಕ್‌ಗೆಂದು ಕೊಟ್ಟ ಪ್ಯಾಂಟೊಪ್ರಜೋಲ್ ಬಗೆಯ ಮಾತ್ರೆಗಳು ಹೊಟ್ಟೆಯ ಆಮ್ಲವನ್ನು ತಗ್ಗಿಸುವುದರ ಜೊತೆಗೆ ಕಬ್ಬಿಣ ಹೀರುವುದನ್ನೂ ತಗ್ಗಿಸುತ್ತವೆ. ಅವನ್ನು ನೀವಾಗಿಯೇ ನಿಲ್ಲಿಸಬಾರದು, ಇನ್ನೂ ಎಷ್ಟು ದಿನ ಬೇಕೆಂದು ಮುಂದಿನ ಭೇಟಿಯಲ್ಲಿ ಕೇಳಿ.

ಹೆಜ್ಜೆ 5: ರಕ್ತಪರೀಕ್ಷೆಯಲ್ಲಿ ಯಾವುದನ್ನು ಕೇಳಬೇಕು

ಮೂರು, ಆರು ಮತ್ತು ಹನ್ನೆರಡನೆಯ ತಿಂಗಳ ಪರೀಕ್ಷೆಗಳನ್ನು ತಪ್ಪಿಸಬೇಡಿ, ಆಮೇಲೆ ಜೀವನಪೂರ್ತಿ ವರ್ಷಕ್ಕೊಮ್ಮೆ ಮಾಡಿಸಬೇಕು. ಹಿಮೋಗ್ಲೋಬಿನ್ ಸರಿಯಿದೆ ಎಂಬ ಒಂದೇ ಮಾತಿಗೆ ಸಮಾಧಾನಪಡಬಾರದು. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆಯೆಂದು ತೋರಿಸುವುದು ಫೆರಿಟಿನ್, ಮತ್ತು ಹಿಮೋಗ್ಲೋಬಿನ್ ಇಳಿಯುವುದಕ್ಕೆ ಬಹಳ ಮೊದಲೇ ಅದು ಇಳಿದಿರುತ್ತದೆ. ಇದರ ಜೊತೆಗೆ ಬಿ12, ಫೋಲೇಟ್, ಡಿ ಜೀವಸತ್ವ, ಕ್ಯಾಲ್ಸಿಯಂ, ರಕ್ತದ ಪ್ರೋಟೀನ್ ಆದ ಅಲ್ಬುಮಿನ್, ಥೈರಾಯ್ಡ್ ಪರೀಕ್ಷೆಯಾದ ಟಿಎಸ್‌ಎಚ್, ಸತು ಇವುಗಳನ್ನು ನೋಡಿಸಬೇಕು. ಜ್ವರ ಅಥವಾ ಸೋಂಕು ಇರುವಾಗ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ, ಆದುದರಿಂದ ಗುಣವಾದ ಮೇಲೆ ಪರೀಕ್ಷಿಸುವುದು ಸೂಕ್ತ. ಮಾತ್ರೆಯಿಂದ ಕಬ್ಬಿಣ ಏರದಿದ್ದರೆ, ಮುಖ್ಯವಾಗಿ ಬೈಪಾಸ್ ಆದವರಿಗೂ ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಿಗೂ, ವೈದ್ಯರು ಅದನ್ನು ರಕ್ತನಾಳದ ಮೂಲಕ ಕೊಡಬಲ್ಲರು.

ಹೆಜ್ಜೆ 6: ಕೊರತೆ ಕಾಣದೆ ಹೆಚ್ಚುವರಿ ಮಾತ್ರೆ ಬೇಡ

ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ ಬಯೋಟಿನ್ ಮುಖ್ಯವಾದುದು. ಬಯೋಟಿನ್ ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬೆಳೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೆಚ್ಚಿನ ಪ್ರಮಾಣದ ಬಯೋಟಿನ್ ರಕ್ತಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ. ಥೈರಾಯ್ಡ್ ಪರೀಕ್ಷೆಯ ಜೊತೆಗೆ, ಹೃದಯಾಘಾತವನ್ನು ಗುರುತಿಸುವ ಟ್ರೊಪೊನಿನ್ ಪರೀಕ್ಷೆಯೂ ತಪ್ಪು ಫಲಿತಾಂಶ ಕೊಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿಯೇ ಎಚ್ಚರಿಸಿದೆ. ನೀವು ಅದನ್ನು ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲು ವೈದ್ಯರಿಗೂ ಪ್ರಯೋಗಾಲಯದವರಿಗೂ ತಿಳಿಸಿ.

ಸತುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಿಂಗಳುಗಟ್ಟಲೆ ಹೆಚ್ಚು ಸತು ತಿಂದರೆ ದೇಹದಲ್ಲಿ ತಾಮ್ರ ಕಡಿಮೆಯಾಗಿ ರಕ್ತಹೀನತೆಯೂ ಕಾಲಿನ ಜೋಮು, ನಡಿಗೆಯ ತೊಂದರೆಗಳೂ ಬರುತ್ತವೆ. ಪ್ರತಿ 8ರಿಂದ 15 ಮಿಲಿಗ್ರಾಂ ಸತುವಿಗೆ 1 ಮಿಲಿಗ್ರಾಂ ತಾಮ್ರ ಸೇರಿರಬೇಕೆಂಬುದು ನಿಯಮ. ಎ ಜೀವಸತ್ವ ಮತ್ತು ಸೆಲೆನಿಯಂ ಅತಿಯಾದರೆ ಅವೇ ಕೂದಲು ಉದುರಿಸುತ್ತವೆ. ಗರ್ಭಿಣಿಯರಿಗೆ ಎ ಜೀವಸತ್ವದ ಅತಿ ಪ್ರಮಾಣ ಮಗುವಿಗೂ ಅಪಾಯ, ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಲು ವೈದ್ಯರು ಹೇಳುವುದು ಇಂಥ ಪೋಷಣೆಯ ಕಾರಣಗಳಿಗಾಗಿಯೇ.

ಹೆಜ್ಜೆ 7: ಇರುವ ಕೂದಲನ್ನು ಮೃದುವಾಗಿ ನೋಡಿಕೊಳ್ಳಿ

ಎಣ್ಣೆ ಸ್ನಾನ, ಸೀಗೆಕಾಯಿ, ಶಾಂಪೂ ಯಾವುದನ್ನಾದರೂ ಮುಂದುವರಿಸಿ. ಅವು ಉದುರುವುದನ್ನು ನಿಲ್ಲಿಸುವುದೂ ಇಲ್ಲ, ಹೆಚ್ಚಿಸುವುದೂ ಇಲ್ಲ. ಒದ್ದೆ ಕೂದಲನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಿ. ಬಿಗಿಯಾದ ಜಡೆ, ಎಳೆದು ಕಟ್ಟಿದ ತುರುಬು, ಭಾರದ ಚೌರಿ, ಇಸ್ತ್ರಿಯಂತೆ ಬಿಸಿ ಮಾಡಿ ನೇರಗೊಳಿಸುವ ಯಂತ್ರ, ಇವನ್ನು ಕೆಲವು ತಿಂಗಳು ಬಿಡಿ. ಭುಜದವರೆಗೆ ಕತ್ತರಿಸಿಕೊಂಡರೆ ಕೂದಲು ದಟ್ಟವಾಗಿ ಕಾಣುತ್ತದೆ. ತಿರುಪತಿಗೆ ಮುಡಿ ಕೊಡುವ ಹರಕೆಯಿದ್ದವರು ಭಕ್ತಿಯಿಂದ ಕೊಡಲಿ, ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎಂಬ ನಿರೀಕ್ಷೆಯಿಂದ ಮಾತ್ರ ಬೇಡ, ಏಕೆಂದರೆ ಕ್ಷೌರದ ಕತ್ತಿ ಚರ್ಮದೊಳಗಿನ ಬುಡವನ್ನು ಮುಟ್ಟುವುದೇ ಇಲ್ಲ.

ಹೆಜ್ಜೆ 8: ಮನೆಯವರ ಮತ್ತು ನೆಂಟರ ಮಾತಿಗೆ ಸಿದ್ಧರಾಗಿರಿ

"ಆಪರೇಷನ್ ಮಾಡಿಸ್ಕೊಂಡು ತಲೆಕೂದ್ಲೆಲ್ಲ ಕಳ್ಕೊಂಡ್ಯಲ್ಲೇ, ಮೊದ್ಲೇ ಚೆನ್ನಾಗಿದ್ದೆ" ಎಂದು ಗೃಹಪ್ರವೇಶವೊಂದರಲ್ಲಿ ಯಾರಾದರೂ ಅತ್ತೆಯೋ ದೊಡ್ಡಮ್ಮನೋ ಹೇಳಿದಾಗ ಅದು ನೋಯಿಸುತ್ತದೆ. "ಇದು ತಾತ್ಕಾಲಿಕ ದೊಡ್ಡಮ್ಮ, ಬುಡ ಹಾಗೇ ಇದೆ, ವರ್ಷದೊಳಗೆ ಮತ್ತೆ ಬರತ್ತೆ ಅಂತ ಡಾಕ್ಟ್ರು ಹೇಳಿದ್ದಾರೆ" ಎಂಬಷ್ಟು ಉತ್ತರ ಸಾಕು. ಇಂಥ ಮಾತುಗಳಿಂದ ಆಗುವ ನಿಜವಾದ ಹಾನಿ ಬೇರೆ ಇದೆ. ಕೂದಲಿನ ಭಯಕ್ಕೆ "ಸ್ವಲ್ಪ ಜಾಸ್ತಿ ತಿನ್ನು" ಎಂಬ ಒತ್ತಾಯ ಶುರುವಾಗಿ, ಹೆಚ್ಚುವುದು ಅನ್ನ, ಕರಿದ ತಿಂಡಿ ಮತ್ತು ಸಿಹಿಯೇ ಹೊರತು ಪ್ರೋಟೀನ್ ಅಲ್ಲ. ಸಿಹಿ ಹೆಚ್ಚಾದರೆ ಬೈಪಾಸ್ ಆದವರಿಗೆ ಬೆವರು, ಎದೆಬಡಿತ, ತಲೆಸುತ್ತು ಕೂಡ ಬರುತ್ತದೆ. ಆದ್ದರಿಂದ ಅಡುಗೆಯ ಜವಾಬ್ದಾರಿ ಹೊತ್ತವರನ್ನು ಒಮ್ಮೆ ಡಯಟಿಷಿಯನ್ ಭೇಟಿಗೆ ಜೊತೆಯಲ್ಲಿ ಕರೆದೊಯ್ಯಿರಿ.

ಕೂದಲಿನ ಕೊರಗು ನಿದ್ದೆಯನ್ನೂ ಕೆಲಸವನ್ನೂ ಕೆಡಿಸುವಷ್ಟು ಬೆಳೆದರೆ ಅದನ್ನು ಸಣ್ಣ ವಿಷಯವೆಂದು ನುಂಗಿಕೊಳ್ಳಬಾರದು. ಸರ್ಕಾರದ ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹೆಜ್ಜೆ 9: ಚರ್ಮತಜ್ಞರ ಬಳಿಗೆ ಯಾವಾಗ, ಏನು ತೆಗೆದುಕೊಂಡು

ಆರನೆಯ ತಿಂಗಳಿಂದ ಒಂಬತ್ತನೆಯ ತಿಂಗಳ ನಡುವೆ ಹಣೆಯಂಚಿನಲ್ಲಿ, ಬೈತಲೆಯ ಬದಿಯಲ್ಲಿ ನೆಟ್ಟಗೆ ನಿಲ್ಲುವ ಗಿಡ್ಡ ಕೂದಲುಗಳನ್ನು ಹುಡುಕಿ. ಅವು ಕಂಡರೆ ಬುಡಗಳು ಮತ್ತೆ ಕೆಲಸ ಆರಂಭಿಸಿವೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ ಉದ್ದ ಜಡೆ ಮೊದಲಿನಂತೆ ತುಂಬಲು ಎರಡು ಮೂರು ವರ್ಷವೂ ಹಿಡಿಯಬಹುದು.

ಗಿಡ್ಡ ಕೂದಲು ಕಾಣದಿದ್ದರೆ, ವರ್ಷ ದಾಟಿದರೂ ಉದುರುತ್ತಿದ್ದರೆ, ಅಥವಾ ಎರಡನೆಯ ಹೆಜ್ಜೆಯಲ್ಲಿ ಹೇಳಿದ ಲಕ್ಷಣಗಳಿದ್ದರೆ ಚರ್ಮತಜ್ಞರನ್ನು ಕಾಣಿ. ವಂಶದ ತೆಳುವಾಗುವಿಕೆ ಜೊತೆಗೂಡಿದೆಯೆಂದು ಅವರಿಗೆ ಕಂಡುಬಂದರೆ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಔಷಧಿಯನ್ನು ಸೂಚಿಸಬಹುದು. ಅದನ್ನು ಹಚ್ಚತೊಡಗಿದ ಮೊದಲ ಕೆಲವು ವಾರ ಕೂದಲು ಇನ್ನಷ್ಟು ಉದುರುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು, ಗರ್ಭಿಣಿಯರು ಬಳಸಬಾರದು. ಮೊದಲ ವರ್ಷದಲ್ಲಿ ತಾನಾಗಿ ಮರಳುವ ಕೂದಲಿಗಾಗಿ, ನಮ್ಮದೇ ರಕ್ತದಿಂದ ತಯಾರಿಸುವ ಪಿಆರ್‌ಪಿ ಚುಚ್ಚುಮದ್ದಿಗೂ ಕೂದಲು ಕಸಿಗೂ ಹಣ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಅದರ ಒಂದು ಭಾಗದಲ್ಲಿ ವರ್ಷದ ರಕ್ತಪರೀಕ್ಷೆಗಳೂ ಪ್ರೋಟೀನ್ ಪುಡಿಯೂ ಬರುತ್ತವೆ.

ಭೇಟಿಗೆ ಹೋಗುವಾಗ ದಿನಾಂಕಗಳ ನೋಟ್‌ಬುಕ್, ತಿಂಗಳ ಫೋಟೊಗಳು, ಈವರೆಗಿನ ಎಲ್ಲ ರಕ್ತಪರೀಕ್ಷೆಯ ವರದಿಗಳು, ನುಂಗುತ್ತಿರುವ ಪ್ರತಿಯೊಂದು ಮಾತ್ರೆಯ ಪಟ್ಟಿ, ಮತ್ತು ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂದು ಬರೆದಿರುವ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯನ್ನು ಜೊತೆಗಿಟ್ಟುಕೊಳ್ಳಿ. ಸ್ಲೀವ್ ಆದವರಲ್ಲಿ ಮತ್ತು ಬೈಪಾಸ್ ಆದವರಲ್ಲಿ ಹೀರಿಕೆಯ ತೊಂದರೆಗಳು ಬೇರೆಬೇರೆಯಾದುದರಿಂದ, ಆ ಒಂದು ಹಾಳೆಯನ್ನು ಚರ್ಮತಜ್ಞರು ಮೊದಲು ನೋಡುವಂತೆ ಮೇಲೆಯೇ ಇಡಿ.